ತಾನೇ ಕಾಯ್ದ ಮೀನುಸಾರು

ಶನಿವಾರ ಏನೂ ಮಾಡದೆ ಇರುವುದು ನಮ್ಮ ಮನೆತನದ ಧರ್ಮ. ನನ್ನಂಥ ಸೋಮಾರಿಗೆ ಇದಕ್ಕಿಂತ ಅನುಕೂಲದ ಧರ್ಮ ಸಿಗಲಾರದು ಎಂದು ನೀವು ಅಂದುಕೊಂಡರೆ ತಪ್ಪೇನಿಲ್ಲ. ನಾವು ಯಹೂದಿಗಳು. ಕೊಂಕಣದ ದಂಡೆಯಲ್ಲಿ ಎಣ್ಣೆಗಾಣ ಆಡಿಸಿಕೊಂಡು, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದ ಜನ. ಕೆಲಸ ಹುಡುಕಿಕೊಂಡು ಗೋಕಾಕಿಗೆ ಬಂದ ಅಜ್ಜ ಇಲ್ಲೇ ಉಳಿದ. ನಮ್ಮ ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಬೇಕು. ಮೂಡಲಗಿ, ಹುಕ್ಕೇರಿಗಳನ್ನೆಲ್ಲ ಜರಡಿ ಹಿಡಿದರೂ ನಾನೊಬ್ಬನೇ ಸಿಗುತ್ತೇನೆ. ಅದೂ ಹೆಚ್ಚಾಗಿ ನಿದ್ದೆಯಲ್ಲಿ.

ವಾರದ ಉಳಿದ ದಿನ ಮಹಡಿಯ ಕೋಣೆಯಲ್ಲಿ ಕೂತು ಒಂದು ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಶುಕ್ರವಾರ ಮಧ್ಯಾಹ್ನ ಆಯಿ, ಅಂದರೆ ನನ್ನ ತಾಯಿ, ತೆಂಗಿನ ಹಾಲು ಹಿಂಡಿ ಮೀನುಸಾರು ಮಾಡುವಾಗ, ನೆನೆಹಾಕಿದ ಒಣದ್ರಾಕ್ಷಿ ಕಿವುಚಿ ಶರಬತ್ತು ಸೋಸುವಾಗ, ಆ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ. ಕಿಟಕಿಯಿಂದ ಕಬ್ಬಿನ ಹೊಲದ ಗಾಳಿ. ಪರದೆಯ ಮೇಲಿನ ಸಾಲುಗಳು ಮೆಲ್ಲಗೆ ತೇಲತೊಡಗುತ್ತವೆ. ನಾನೂ ಅವುಗಳ ಜೊತೆ ಕಾಣದ ಕಡಲ ದಂಡೆಗೆ ಹೋಗಿ, ಮುತ್ತಜ್ಜನ ಗಾಣದ ಎತ್ತಿನ ಮೈ ಸವರಿ ಬರುತ್ತೇನೆ. ಮೀಟಿಂಗಿನಲ್ಲಿ ಯಾರಾದರೂ ನನ್ನ ಹೆಸರು ಕೂಗಿದಾಗಲೇ ಗೋಕಾಕಿಗೆ ವಾಪಸು.

ಶುಕ್ರವಾರ ಸೂರ್ಯ ಮುಳುಗುವ ಮೊದಲು ಆಯಿ ದೀಪ ಹಚ್ಚಿದಳೆಂದರೆ ನಮ್ಮ ವಿರಾಮದ ದಿನ ಶುರು; ಶನಿವಾರ ಸಂಜೆಯವರೆಗೆ ಒಲೆ ಹಚ್ಚುವಂತಿಲ್ಲ. ತಣ್ಣನೆಯ ಊಟ. ನಾನು ನನ್ನ ಪಾಲನ್ನು ಬೇಗ ಉಂಡು ಮಹಡಿ ಹತ್ತಿ ಮಲಗುವವನು. ಈಚೆಗೆ ಆಯಿ ಶನಿವಾರ ತನ್ನ ಪಾಲಿನಲ್ಲಿ ಅರ್ಧ ಸಾರನ್ನು ಹಾಗೇ ಮುಚ್ಚಿಡುವುದು ಕಣ್ಣಿಗೆ ಬಿತ್ತು. ಎಂಬತ್ತು ದಾಟಿದ ಜೀವ, ತಣ್ಣಗಿನದು ಗಂಟಲಲ್ಲಿ ಇಳಿಯುತ್ತಿಲ್ಲ ಅಂದುಕೊಂಡೆ. ಆಯಿ ಇಲ್ಲದ ಶುಕ್ರವಾರವನ್ನು ಕಲ್ಪಿಸಿಕೊಳ್ಳಲು ನನಗೆ ಭಯ.

ಆಗ ನನ್ನ ವಿದ್ಯೆ ನೆನಪಾಯಿತು. ಕರೆಂಟಿನ ಒಲೆ ಶನಿವಾರ ಮಧ್ಯಾಹ್ನ ತಾನೇ ಹೊತ್ತಿಕೊಳ್ಳುವಂತೆ ಶುಕ್ರವಾರವೇ ಪ್ರೋಗ್ರಾಮು ಬರೆದಿಟ್ಟೆ. ಬೆಳಿಗ್ಗೆ ಫ್ರಿಜ್ಜಿನಿಂದ ಸಾರು ತೆಗೆದು, ಆರಿದ ಒಲೆಯ ಮೇಲೆ ಸುಮ್ಮನೆ ಇಟ್ಟೆ. ಬೆಂಕಿ ಮುಟ್ಟಿದ ದೋಷವಿಲ್ಲ, ಆಯಿಗೆ ಬಿಸಿ ಊಟ. ಅಂದು ನಿದ್ದೆ ಹತ್ತಲಿಲ್ಲ. ಹೆಮ್ಮೆಯಿಂದ ಕೆಳಗಿಳಿದು ಬಂದರೆ, ಅಡುಗೆಮನೆಯಲ್ಲಿ ಆಯಿಯ ಜೊತೆ ಪಕ್ಕದ ಮನೆಯ ಗಂಗವ್ವ ಕಾಕು, ಮಡಿಲಲ್ಲಿ ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿಯ ಗಂಟು. ಇಬ್ಬರೂ ಪಾತ್ರೆಯೊಳಗೆ ಇಣುಕುತ್ತಿದ್ದರು. ಸಾರು ಕೊತಕೊತ ಕುದಿದು ತೆಂಗಿನ ಹಾಲು ಒಡೆದುಹೋಗಿತ್ತು.

"ಈ ತಣ್ಣನ ಸಾರಿಗಂತ ವಾರಪೂರ್ತಿ ದಾರಿ ಕಾಯ್ತೇನಿ. ಇದನ್ಯಾರು ಕಾಸಿದ್ರು ತಮ್ಮಾ?" ಎಂದಳು ಗಂಗವ್ವ ಕಾಕು.

"ಯಾರೂ ಕಾಸಿಲ್ರಿ ಕಾಕು," ಎಂದೆ. ಶಾಸ್ತ್ರದ ಪ್ರಕಾರ ಅದು ನಿಜ.

ಆಯಿ ನನ್ನ ಮುಖ ನೋಡಿದಳು. "ಅರ್ಧಾ ಈಕಿಗಂತ ತಗದಿಡ್ತೇನಿ. ಇಬ್ರೂ ಕೂಡಿ ಉಣ್ತೀವಿ. ಮಷೀನಿಗೆ ಇಷ್ಟೆಲ್ಲಾ ಹೇಳ್ದಿ, ನನ್ನ ಒಂದ ಮಾತ ಕೇಳಾಕ ಏನಾಗಿತ್ತು?"

ಬಳಸುವವರನ್ನು ಮೊದಲು ಕೇಳಿ, ಆಮೇಲೆ ಬರೆಯಿರಿ ಎಂದು ಕಂಪನಿಯ ಹೊಸಬರಿಗೆ ಪಾಠ ಹೇಳುವವನು ನಾನೇ. ಗಂಗವ್ವ ಕಾಕು ಸರಿದು ಜಾಗ ಮಾಡಿ ಒಂದು ರೊಟ್ಟಿ ಕೊಟ್ಟಳು. ಒಡೆದ ಸಾರಿನಲ್ಲಿ ಅದನ್ನು ಅದ್ದಿಕೊಂಡು ಕೂತೆ. ಆಯಿ ಇಷ್ಟು ಮಾತಾಡುತ್ತಾಳೆ, ಇಷ್ಟು ನಗುತ್ತಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಡುವೆ ಒಮ್ಮೆ ಗೆಳತಿಯ ಕಡೆ ಬಾಗಿ ಮೆಲ್ಲಗೆ ಹೇಳಿದಳು: "ಇವತ್ತ ಅಂವಗ ಮೈಯಾಗ ಆರಾಮಿಲ್ಲೇನೋ. ಇಲ್ಲಂದ್ರ ನನ್ನ ಬಾಜೂ ಹಿಂಗ ಕುಂದ್ರಾಂವಲ್ಲ."