ದಾರಿಯಲ್ಲಿದ್ದವರನ್ನು ಮನೆ ಸೇರಿಸಿದ ಹೊಸ ಆವೃತ್ತಿಗೆ

ಮಾನ್ಯ ಹೊಸ ಆವೃತ್ತಿಯವರೇ,

ಬಾಗಿಲು ತಟ್ಟದೆ, ಕಾಲಿಂಗ್ ಬೆಲ್ ಒತ್ತದೆ, ಕಳೆದ ವಾರ ನಮ್ಮ ಅಡುಗೆಮನೆಯ ಗೋಡೆಯ ಮೇಲಿನ ಹಳೆಯ ಟ್ಯಾಬ್ಲೆಟ್‌ಗೆ ಸಾಫ್ಟ್‌ವೇರ್ ಅಪ್‌ಡೇಟ್ ರೂಪದಲ್ಲಿ ತಾವು ದಯಮಾಡಿಸಿದ್ದಕ್ಕೆ ಈ ಮನೆಯ ಸೊಸೆಯಾದ ನನ್ನ ಗೌರವಪೂರ್ವಕ ವಂದನೆಗಳು.

ನಾನು ಹೆಚ್ಚು ಓದಿದವಳಲ್ಲ. ಸ್ಟೇಟ್ ಮಷೀನ್ ಎಂದರೆ ಡಬ್ಬಗಳು ಮತ್ತು ಬಾಣಗಳು, ಒಂದೊಂದು ಡಬ್ಬವೂ ಒಂದೊಂದು ಸ್ಥಿತಿ, ಒಂದು ಸಲಕ್ಕೆ ಒಂದೇ ಡಬ್ಬದಲ್ಲಿ ಇರಬೇಕು, ಬಾಣವಿಲ್ಲದೆ ಮುಂದಿನ ಡಬ್ಬಕ್ಕೆ ಹೋಗುವಂತಿಲ್ಲ ಎಂದು ನಮ್ಮ ಯಜಮಾನರು ಹೇಳಿಕೊಟ್ಟಿದ್ದರು. "ನೋಡು, ನೀನು ಸಿಟ್ಟಿನಿಂದ ನೇರವಾಗಿ ನಗೋಕೆ ಹೋಗಲ್ಲ, ಮಧ್ಯೆ ಒಂದು ಮುನಿಸು ಅಂತ ಡಬ್ಬ ಇದೆ" ಎನ್ನುತ್ತಿದ್ದರು. ತಮ್ಮನ್ನು ತಯಾರಿಸುವ ಕಂಪನಿಯ ಉಪಕರಣದಲ್ಲೇ ಅವರು ಮನೆಗೊಂದು ಆ್ಯಪ್ ಕಟ್ಟಿದ್ದರು. ಅವರಿಗೆ ಮನೆ, ಕೆಲಸ, ದಾರಿ ಎಂದು ಡಬ್ಬಗಳು; ಅತ್ತೆಯವರಿಗೆ 'ಮಲಗಿದ್ದಾರೆ' ಮತ್ತು 'ಮಲಗಿದಂತಿದ್ದಾರೆ' ಎಂದು ಎರಡೇ. ಕಚೇರಿಯಿಂದ ಹೊರಟಾಗ ಅವರು ಫೋನಿನಲ್ಲಿ 'ದಾರಿಯಲ್ಲಿ' ಎಂಬುದನ್ನು ಒತ್ತಿದರೆ ನಮ್ಮ ಗೇಟಿನ ದೀಪ ತಾನೇ ಹೊತ್ತಿಕೊಳ್ಳುತ್ತಿತ್ತು, ಅವರು ಒಳಗೆ ಬಂದು 'ಮನೆ' ಒತ್ತಿದ ಮೇಲೆ ಅದು ಆರಿ, ಕೆಟಲ್ ಮತ್ತು ಅವರ ಕೋಣೆಯ ಫ್ಯಾನ್ ಶುರುವಾಗುತ್ತಿದ್ದವು.

ಹೋದ ವರ್ಷ ಒಂದು ಸಂಜೆ ಅವರು ಅದನ್ನು ಒತ್ತಿದರು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತವರು ಏಳಲಿಲ್ಲ. ಅಂದಿನಿಂದ ದೀಪ ಉರಿಯುತ್ತಲೇ ಇತ್ತು. ಆರಿಸಿ ಎಂದು ಯಾರೂ ಹೇಳಲಿಲ್ಲ, ನಾವೂ ಆರಿಸಲಿಲ್ಲ.

ತಾವು ಬಂದಿರಿ. ಬಹಳ ಕಾಲ ಒಂದೇ ಸ್ಥಿತಿಯಲ್ಲಿ ಸಿಕ್ಕಿಕೊಂಡವರನ್ನು ಇನ್ನು ಮುಂದೆ ತಾನಾಗಿಯೇ ಮೊದಲ ಸ್ಥಿತಿಗೆ ಮರಳಿಸಲಾಗುವುದು ಎಂಬ ತಮ್ಮ ಸುಧಾರಣೆ ಎಷ್ಟು ಉದಾರವಾದದ್ದು! ನಮ್ಮ ಯಜಮಾನರ ಮೊದಲ ಸ್ಥಿತಿ 'ಮನೆ'. ವೈದ್ಯರ ಕೈಯಲ್ಲಿ ಆಗದ್ದನ್ನು ತಾವು ನಾನು ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಮಾಡಿದಿರಿ. ಗೇಟಿನ ದೀಪ ಆರಿತು, ಕೆಟಲ್ ತನ್ನಷ್ಟಕ್ಕೆ ಕುದಿಯಿತು, ಅವರ ಕೋಣೆಯ ಫ್ಯಾನ್ ಜೋರಾಗಿ ತಿರುಗಿತು. ನಡೆದದ್ದೆಲ್ಲ ಗೊತ್ತಿರುವ ಅತ್ತೆಯವರು ಒಳಗಿನಿಂದಲೇ, "ಬಂದನೇನೇ? ಬಂದಿದ್ರೆ ಫ್ಯಾನ್ ಸಣ್ಣ ಮಾಡ್ಕೊಳ್ಳೋಕೆ ಹೇಳು, ನೆಗಡಿ ಆಗತ್ತೆ" ಎಂದರು. ನಾನು ಹೋಗಿ ಫ್ಯಾನ್ ಸಣ್ಣ ಮಾಡಿದೆ.

ತಮ್ಮ ಸಹಾಯವಾಣಿಗೆ ಫೋನ್ ಮಾಡಿದಾಗ ಆ ಹುಡುಗಿ ಬಹಳ ಮರ್ಯಾದೆಯಿಂದ, "ಮೇಡಂ, ಮೊದಲು ಇದ್ದದ್ದೇ ತಪ್ಪು, ಈಗ ಸರಿಯಾಗಿದೆ. ಎಷ್ಟು ದಿನ ಅಂತ ದಾರೀಲೇ ಇರ್ತಾರೆ ಹೇಳಿ?" ಎಂದಳು. ಅದು ಬೇಡವಾದರೆ ಅವರಿಗೆ 'ಅಂತಿಮ' ಎಂಬ ಡಬ್ಬ ಹಾಕಿಕೊಳ್ಳಿ, ಅದರಿಂದ ಹೊರಗೆ ಬಾಣವೇ ಇರುವುದಿಲ್ಲ, ಯಾವ ತೊಂದರೆಯೂ ಬರುವುದಿಲ್ಲ ಎಂದೂ ಸೇರಿಸಿದಳು. ಅವಳ ಮೇಲೆ ನನ್ನ ದೂರಿಲ್ಲ.

ನನ್ನ ವಿನಂತಿ ಇಷ್ಟೇ. ಅವರು ಮನೆಯಲ್ಲಿದ್ದಾರೆಂದು ತಾವು ಘೋಷಿಸಿದ ಮೇಲೆ ಅವರನ್ನು ತಲುಪಿಸುವ ಜವಾಬ್ದಾರಿಯೂ ತಮ್ಮದೇ ಆಗುತ್ತದೆ. ಕನ್ನಡಕ ಇಲ್ಲೇ ಇದೆ, ಅದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಕಳುಹಿಸಿದರೆ ಸಾಕು. ಬಚ್ಚಲುಮನೆಯ ನಲ್ಲಿ ಸೋರುತ್ತಿದೆ, ಬಂದವರೇ ಮೊದಲು ಅದನ್ನು ನೋಡಲಿ. ಅಷ್ಟು ತಮ್ಮಿಂದ ಸಾಧ್ಯವಿಲ್ಲವೆಂದಾದರೆ ದಯವಿಟ್ಟು ಅವರನ್ನು ದಾರಿಗೇ ಬಿಟ್ಟುಬಿಡಿ. ಅವರು ಅಲ್ಲಿ ಯಾರಿಗೂ ಅಡ್ಡ ನಿಂತಿರಲಿಲ್ಲ.

ಸ್ಥಿತಿ ಬದಲಿಸಲು ಬಾರದ,
ತಮ್ಮ ವಿಶ್ವಾಸಿ,
ಗೇಟಿನ ದೀಪದ ಮನೆಯವಳು

ಮತ್ತೊಂದು ಮಾತು: ಅತ್ತೆಯವರು 'ಮಲಗಿದ್ದಾರೆ' ಎಂದು ತಾವು ಈಗಲೂ ತೋರಿಸುತ್ತಿದ್ದೀರಿ. ಕತ್ತಲಾಗುವ ಮೊದಲೇ ಅವರು ಗೋಡೆ ಹಿಡಿದುಕೊಂಡು ಹೋಗಿ, ಸ್ವಿಚ್ಚನ್ನು ಕೈಯಿಂದಲೇ ಒತ್ತಿ, ಗೇಟಿನ ದೀಪದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಇದಕ್ಕೆ ತಮ್ಮಲ್ಲಿ ಡಬ್ಬ ಇದ್ದರೆ ಮುಂದಿನ ಆವೃತ್ತಿಯಲ್ಲಿ ಸೇರಿಸಿ. ಅವಸರವೇನಿಲ್ಲ, ಕಾಯುವುದು ನಮಗೆ ಬರುತ್ತದೆ.