ಗಾಜಿನ ಜಗಲಿಯಲ್ಲಿ ನನ್ನ ಒಂದು ಬೇಸಿಗೆ

ಮನೆಗೆ ಏನಾದರೂ ರಿಪೇರಿ ಅಂತ ಕೈ ಹಾಕಿದರೆ ಸಾಕು, ನಮ್ಮಲ್ಲಿ ಗೋಡೆಗಿಂತ ಮೊದಲು ಮಾನ ಬೀಳುತ್ತದೆ. ಪ್ರತಿ ಸಲವೂ ಹೀಗೇ. ಹೋದ ಬೇಸಿಗೆಯ ಜಗಲಿಯ ಕಥೆಯಂತೂ ಬೀದಿಯವರಿಗೆಲ್ಲ ಬಾಯಿಪಾಠ.

ನಾನು ಕೊಳ್ಳೇಗಾಲದ ಕಡೆಯವಳು, ಮದುವೆಯಾಗಿ ತಮಿಳುನಾಡಿನ ಪಲ್ಲಡಕ್ಕೆ ಬಂದೆ. ಗಂಡನ ಮನೆಯವರು ತಲೆತಲಾಂತರದಿಂದ ಇಲ್ಲಿಯ ನೇಕಾರರು. ಹೊಸಿಲೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಆ ಹೊಸಿಲಿನಾಚೆ, ಬೀದಿಗೆ ಅಂಟಿಕೊಂಡು, ಸೊಳ್ಳೆ ಬಲೆ ಬಡಿದ ಜಗಲಿ. ಅತ್ತೆ ತೀರಿಕೊಂಡ ಮೇಲೆ ಮಾವನ ಲೋಕವೆಲ್ಲ ಅಲ್ಲೇ ಇತ್ತು: ಒಂದು ಪ್ಲಾಸ್ಟಿಕ್ ಕುರ್ಚಿ, ಬಲೆಯಿಂದ ಬರುವ ಗಾಳಿ, ಎದುರು ಮನೆಯ ಗೆಳೆಯ.

ನನ್ನ ಹೊಲಿಗೆ ಯಂತ್ರವೂ ಅಲ್ಲೇ. ತಿರುಪ್ಪೂರಿನ ಒಂದು ಕಂಪನಿಗೆ ಮಕ್ಕಳ ಬಿಳಿ ಬನಿಯನ್ ಹೊಲಿದು ಕೊಡುತ್ತೇನೆ. ಬಲೆ ಸೊಳ್ಳೆಯನ್ನು ತಡೆಯುತ್ತಿತ್ತೇ ಹೊರತು ಧೂಳನ್ನಲ್ಲ. ಬೆಳಿಗ್ಗೆ ಬೆಳ್ಳಗಿದ್ದ ಬಟ್ಟೆ ಸಂಜೆಗೆ ಚಹಾದ ಬಣ್ಣಕ್ಕೆ ಬರುತ್ತಿತ್ತು. ಬಲೆ ಕಿತ್ತು ಗಾಜು ಹಾಕಿಸೋಣ ಎಂದು ಹಟ ಹಿಡಿದವಳು ನಾನೇ.

ಅಳತೆ

ಗಾಜಿನ ಕೆಲಸದವನು ಟೇಪು ಹಿಡಿದು ಬಂದ. ಮಾವ ಕುರ್ಚಿ ಬಿಟ್ಟು ಏಳಲಿಲ್ಲ. ಪಾಪ, ಅವನು ಟೇಪನ್ನು ಅವರ ಮಂಡಿಯ ಮೇಲೆ ಹಾಯಿಸಿಯೇ ಅಳೆದ. ಎಲ್ಲ ಬರೆದುಕೊಂಡ ಮೇಲೆ ಮಾವ ನಿಧಾನವಾಗಿ ಕೇಳಿದರು, ಗಾಳಿ ಎಲ್ಲಿಂದ ಬರುತ್ತದೆ ಅಂತ. ಗಾಜನ್ನು ಪಕ್ಕಕ್ಕೆ ಸರಿಸಿದರೆ ಬರುತ್ತದೆ ಎಂದ ಅವನು. ಧೂಳು ಎಲ್ಲಿಂದ ಬರುತ್ತದೆ ಅಂತ ಮಾವ ಮತ್ತೆ ಕೇಳಿದರು. ಅವನು ಟೇಪು ಸುತ್ತಿ ಜೇಬಿಗಿಟ್ಟ. ಆಮೇಲೆ, ಗಾಜು ಹಾಕಿಸುವವರು ಸಾಮಾನ್ಯವಾಗಿ ಇಷ್ಟೊಂದು ಕೇಳುವುದಿಲ್ಲ ಎಂದು ನನ್ನ ಕಡೆ ನೋಡಿದ.

ಸಂಡಿಗೆ

ಗಾಜು ಬಂತು. ಬನಿಯನ್ ಬೆಳ್ಳಗೇ ಉಳಿಯಿತು, ನಾನು ಮಾತ್ರ ಬೆಂದೆ. ಫ್ಯಾನು ಬಿಸಿಗಾಳಿಯನ್ನೇ ಈ ಮೂಲೆಯಿಂದ ಆ ಮೂಲೆಗೆ ಸಾಗಿಸುತ್ತಿತ್ತು. ಸರಿಸಿದರೆ ಧೂಳು, ಮುಚ್ಚಿದರೆ ಒಲೆ. ಆದರೂ ನೋಡಲು ಬಂದ ಬೀದಿಯ ಹೆಂಗಸರೆದುರು ಬೆವರು ಒರೆಸಿಕೊಳ್ಳುತ್ತಾ, ತುಂಬ ಆರಾಮಾಗಿದೆ ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾರನೆಯ ದಿನ ಒಬ್ಬಾಕೆ ಒಂದು ತಟ್ಟೆ ಸಂಡಿಗೆ ತಂದು ನನ್ನ ಯಂತ್ರದ ಪಕ್ಕ ಇಟ್ಟಳು. ಒಳಗೆ ಕಾಗೆ ಬರುವುದಿಲ್ಲ, ಧೂಳಿಲ್ಲ, ಮಧ್ಯಾಹ್ನದೊಳಗೆ ಗರಿಗರಿ. ಸುದ್ದಿ ಹಬ್ಬಿತು. ವಾರ ಕಳೆಯುವಷ್ಟರಲ್ಲಿ ನಾನು ಊರವರ ಸಂಡಿಗೆಯ ನಡುವೆ ಒಂದು ಚೂರು ಜಾಗ ಬೇಡಿಕೊಂಡು ಹೊಲಿಯುತ್ತಿದ್ದೆ.

ಕಂಪನಿಯ ಸೂಪರ್‌ವೈಸರ್ ಫೋನ್ ಮಾಡಿದರು. ಧೂಳಿನ ದೂರು ಇನ್ನಿಲ್ಲವಂತೆ. ಆದರೆ ನನ್ನ ಕಟ್ಟು ಬಿಚ್ಚಿದೊಡನೆ ಅಲ್ಲಿಯವರಿಗೆಲ್ಲ ಹಸಿವಾಗುತ್ತದಂತೆ.

ಸದ್ದಿಲ್ಲದ ಹರಟೆ

ಮಾವ ಕುರ್ಚಿ ಎತ್ತಿಕೊಂಡು ಎದುರು ಮನೆಯ ಬೇವಿನ ಮರದಡಿ ಹೋಗಿ ಕೂತರು, ಅಷ್ಟೆ. ಊಟಕ್ಕೆ, ಕಾಫಿಗೆ ಬರುತ್ತಿದ್ದರು, ಮತ್ತೆ ಹೋಗುತ್ತಿದ್ದರು. ನನಗೆ ಅದೇ ಚುಚ್ಚುತ್ತಿತ್ತು. ಅವರನ್ನು ಅವರ ಜಗಲಿಯಿಂದ ನಾನೇ ಎಬ್ಬಿಸಿ ಕಳಿಸಿದ ಹಾಗಾಗಿತ್ತು. ಬೈದಿದ್ದರೂ ಸಮಾಧಾನವಾಗುತ್ತಿತ್ತು.

ಒಂದು ದಿನ ಕಾಫಿಗೆ ಬಂದವರು ಜಗಲಿಯೊಳಗೆ ಮುಚ್ಚಿದ ಗಾಜಿನೆದುರು ನಿಂತು ಬಾಯಿ ಆಡಿಸುತ್ತಿದ್ದರು. ಸದ್ದೇ ಇಲ್ಲ. ಆಚೆ ಮರದಡಿ ಗೆಳೆಯನೂ ಹಾಗೆಯೇ. ಇಬ್ಬರಿಗೂ ಒಟ್ಟಿಗೇ ಅರಳುಮರಳು ಬಂತೇ ಎಂದು ನನಗೆ ಗಾಬರಿ. ನನ್ನ ಗಂಡ ನಕ್ಕುಬಿಟ್ಟರು. ಇಬ್ಬರೂ ಪವರ್‌ಲೂಮ್ ಶೆಡ್ಡಿನಲ್ಲಿ ಜೀವ ತೇದವರು. ಅಲ್ಲಿಯ ಗದ್ದಲಕ್ಕೆ ಕಿವಿ ಅರ್ಧ ಹೋಗಿದೆ, ಆದರೆ ತುಟಿ ನೋಡಿಯೇ ಮಾತು ತಿಳಿಯುವುದು ಅಭ್ಯಾಸವಾಗಿದೆ. ನಮ್ಮ ಬೀದಿಯೂ ಕಿರಿದು, ಒಂದು ಆಟೋ ಬಂದರೆ ಕೋಳಿಗಳು ಯಾರದಾದರೂ ಮನೆಯೊಳಗೆ ನುಗ್ಗಬೇಕು.

ಮಾವ ನನ್ನ ಕಡೆ ತಿರುಗಿ, "ಅವನ್ಗೂ ಒಂದು ಕಾಫಿ, ಅಮ್ಮಿಣಿ. ಸಕ್ಕರೆ ಬೇಡ್ವಂತೆ" ಎಂದರು. ಅಮ್ಮಿಣಿ ಅಂದರೆ ಇಲ್ಲಿಯ ಹಿರಿಯರು ಸೊಸೆಯಂದಿರನ್ನು, ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತು. ನಾನು ಬೆಪ್ಪಾಗಿ ಎರಡು ಲೋಟ ತಂದೆ.

ಅಕ್ಕನ ಫೋನು

ಇದಾದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ಒಂದು ಮಧ್ಯಾಹ್ನ ಬೆಳಕಿಗಾಗಿ ಗಾಜಿಗೆ ಮುಖ ಮಾಡಿ ಹೊಲಿಯುತ್ತಿದ್ದೆ, ಕೊಳ್ಳೇಗಾಲದಿಂದ ಅಕ್ಕ ಫೋನ್ ಮಾಡಿದಳು. ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು, ಗಾಜು ಮುಚ್ಚಿದೆಯಲ್ಲ, ಯಾರಿಗೆ ಕೇಳಬೇಕು ಎಂಬ ಧೈರ್ಯದಲ್ಲಿ ಮನಸ್ಸು ಬಿಚ್ಚಿದೆ.

ಬೇಯ್ತಾ ಇದ್ದೀನಿ ಕಣಕ್ಕಾ ಎಂದೆ. ಎದುರು ಮನೆ ತಾತ ದಿನಾ ನಮ್ಮ ಕಾಫಿಗೇ ಕಾಯುತ್ತಾರೆ, ಅವರ ಹೆಂಡತಿ ಮಾಡಿದ್ದು ಪಾತ್ರೆ ತೊಳೆದ ನೀರಿನಂತಿರುತ್ತದಂತೆ ಎಂದು ನಗಿಸಿದೆ. ಆಮೇಲೆ ನಗು ನಿಂತಿತು. "ಮಾವನ ಕುರ್ಚಿ ಇಲ್ದೆ ಜಗಲಿ ಭಣಭಣ ಅಂತದೆ, ಅಕ್ಕಾ. ಅವ್ರಿಗೆ ನನ್ನ ಮೇಲೆ ಕೋಪ. ವಾಪಸ್ ಬನ್ನಿ ಅನ್ನೋಕೆ ನಂಗೆ ಮುಖ ಇಲ್ಲ" ಎಂದೆ. ಕಣ್ಣೊರೆಸಿಕೊಂಡಿದ್ದು ಬನಿಯನ್ನಿನ ತೋಳಿನಲ್ಲಿ.

ಗಾಜು ಸರಿಯಿತು. ಮಾವ ಕುರ್ಚಿಯೊಂದಿಗೆ ನಿಂತಿದ್ದರು. ಎರಡು ತಟ್ಟೆ ಸಂಡಿಗೆಯನ್ನು ಕಾಲಿನಿಂದ ಮೆಲ್ಲಗೆ ಸರಿಸಿ, ಕುರ್ಚಿಯಿಟ್ಟು ಕೂತರು.

"ಕೋಪ ಇಲ್ಲ, ಅಮ್ಮಿಣಿ. ಕೂಗ್ತೀಯ ಕೂಗ್ತೀಯ ಅಂತ ಕಾಯ್ತಿದ್ದೆ."

ಕಿವಿಯಲ್ಲಿ ಅಕ್ಕ ಯಾರೇ ಅದು, ಯಾರೇ ಅದು ಎನ್ನುತ್ತಲೇ ಇದ್ದಳು. ನಾನು ಎದ್ದು ಗಾಜನ್ನೆಲ್ಲ ಸರಿಸಿದೆ. ಧೂಳು ಬಂತು, ಗಾಳಿಯೂ ಬಂತು.

ಅಷ್ಟರಲ್ಲಿ ಎದುರು ಮನೆ ತಾತನೂ ತಮ್ಮ ಕುರ್ಚಿ ಹೊತ್ತು ಬಂದರು. ಮುಖ ಬಿಳಿಚಿಕೊಂಡಿತ್ತು. ನನ್ನ ಹತ್ತಿರ ಬಗ್ಗಿ ಹೇಳಿದರು: "ಕಾಫಿ ವಿಷಯ ನಾ ಹೇಳಿದ್ದು ನಿಜ, ಅಮ್ಮಿಣಿ. ಇನ್ಮೇಲೆ ಗೋಡೆ ಕಡೆ ತಿರುಗಿ ಮಾತಾಡು. ನಮ್ಮೋಳೂ ಶೆಡ್ಡಿನ ಮಗ್ಗದಾಗೆ ಇದ್ದೋಳೇ."

ಎದುರು ಮನೆ ಬಾಗಿಲಲ್ಲಿ ಅಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.