ತೂಬಾ ಹಾಡುವ ಹೊತ್ತಿಗೆ ವಿಶ್ರಾಂತಿಗೆ ತೆರಳಿದ ಬ್ಯಾಟರಿಯವರಿಗೆ

ಮಾನ್ಯರೇ,

ಒಳಗೇ ಉಂಡು ಮಲಗುತ್ತ ಊರೂರು ಸುತ್ತಲೆಂದು ಇಟ್ಟುಕೊಂಡ ನಮ್ಮ ಕ್ಯಾಂಪರ್ ವ್ಯಾನಿನ ಹಿಂದಿನ ಸೀಟಿನಡಿ, ಮರದ ಪೆಟ್ಟಿಗೆಯೊಳಗೆ ವಿರಾಜಮಾನರಾಗಿರುವ ತಮಗೆ ಜೋಗುಪಾಳ್ಯದ ಮುನಿರಾಜನು ನೆಲದವರೆಗೆ ಬಾಗಿ ಮಾಡುವ ನಮಸ್ಕಾರಗಳು. ಅಷ್ಟು ಬಾಗದೆ ತಮ್ಮ ದರ್ಶನ ಸಾಧ್ಯವೂ ಇಲ್ಲವೆನ್ನುವುದು ಬೇರೆ ಮಾತು.

ಇಂಜಿನ್ ಚಾಲೂ ಮಾಡಲು ಮುಂದುಗಡೆ ಬೇರೊಂದು ಬ್ಯಾಟರಿ ಬೆವರು ಸುರಿಸುತ್ತಿದೆ. ತಮ್ಮನ್ನು ನೇಮಿಸಿಕೊಂಡದ್ದು ಹಿಂದಿನ ದೀಪ, ಫ್ಯಾನು ಮತ್ತು ಒಂದು ಪುಟ್ಟ ಟಿ.ವಿ.ಗಾಗಿ ಮಾತ್ರ. ಇಂಥವರಿಗೆ ಇಂಗ್ಲಿಷಿನಲ್ಲಿ ‘ಲೀಶರ್ ಬ್ಯಾಟರಿ’, ಅಂದರೆ ವಿರಾಮದ ಬ್ಯಾಟರಿ ಎನ್ನುತ್ತಾರೆಂದು ಅಂಗಡಿಯವರು ಹೇಳಿದಾಗ, ವಿರಾಮ ನಮ್ಮದು, ದುಡಿಮೆ ತಮ್ಮದು ಎಂದು ನಾನು ಅರ್ಥಮಾಡಿಕೊಂಡಿದ್ದೆ. ತಾವು ಅದನ್ನು ತಿರುಗಿಸಿ ಓದಿಕೊಂಡಿದ್ದೀರೆಂದು ಕಳೆದ ಭಾನುವಾರ ಸಂಜೆ ತಿಳಿಯಿತು.

ಎದುರುಮನೆಯ ಹಬೀಬ್ ಅವರ ಮಗಳು ತೂಬಾ ಟಿ.ವಿ.ಯ ಹಾಡಿನ ಸ್ಪರ್ಧೆಯಲ್ಲಿ ನೇರಪ್ರಸಾರದ ಕೊನೆಯ ಸುತ್ತಿಗೆ ಬಂದಿದ್ದಳು. ಅಪ್ಪ ಅಮ್ಮ ಅವಳೊಂದಿಗೆ ಸ್ಟುಡಿಯೋಗೆ ಹೋಗಿದ್ದರು. ಮಂಡಿನೋವಿನ ಅಜ್ಜಿ ಜಹನಾರಾ, ಮೊಮ್ಮಗಳು ಕರೆಯುವಂತೆ ನಮ್ಮ ಬೀದಿಗೆಲ್ಲ ‘ದಾದಿ’, ಮನೆಯಲ್ಲೇ ಉಳಿದಿದ್ದರು. ಮೊಮ್ಮಗಳು ಹಾಡಲಿದ್ದದ್ದು ಅವರೇ ಕಲಿಸಿದ ದಖನಿ ಉರ್ದುವಿನ ಜೋಗುಳ. ಕಾರ್ಯಕ್ರಮ ಇನ್ನೇನು ಶುರುವಾಗಬೇಕು, ಗಾಳಿಗೆ ಮರದ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು, ಬೀದಿಯ ಕರೆಂಟೂ ಅದರ ಹಿಂದೆಯೇ ಫೋನಿನ ಸಿಗ್ನಲ್ಲೂ ಹೋದವು.

ಆಗ ಈ ಮೂರ್ಖನು ಎದೆ ತಟ್ಟಿಕೊಂಡು, “ನಮ್ಮ ವ್ಯಾನಿದೆ ಬನ್ನಿ ದಾದಿ, ಛಾವಣಿ ಮೇಲೆ ಡಿಶ್ ಇದೆ, ಒಳಗೆ ಬ್ಯಾಟರಿ ಇದೆ” ಎಂದು ತಮ್ಮ ಪರವಾಗಿ ಮಾತು ಕೊಟ್ಟ. ದಾದಿಯನ್ನು ಕುರ್ಚಿಯ ಸಮೇತ ಎತ್ತಿ ತಂದು ಟಿ.ವಿ.ಯ ಮುಂದೆ ಕೂರಿಸಿದೆವು. ಅರ್ಧ ಬೀದಿ ವ್ಯಾನಿನ ಬಾಗಿಲಿಗೆ ಜೋತುಬಿದ್ದಿತು.

ತಮ್ಮ ಕಾರ್ಯದಕ್ಷತೆಯನ್ನು ಹೊಗಳಲೇಬೇಕು. ಸೋಪು, ಸೀರೆ, ಕೂದಲೆಣ್ಣೆಯ ಜಾಹೀರಾತುಗಳನ್ನು ಒಂದನ್ನೂ ಬಿಡದೆ, ಕಳೆಗುಂದದ ಬಣ್ಣಗಳಲ್ಲಿ ತೋರಿಸಿದಿರಿ. ತೀರ್ಪುಗಾರರು ತಂತಮ್ಮ ಬಾಲ್ಯವನ್ನು ನೆನೆದು ಅತ್ತದ್ದನ್ನು ಪೂರ್ತಿ ತೋರಿಸಿದಿರಿ. ನಿರೂಪಕಿ “ಈಗ ನಮ್ಮ ತೂಬಾ!” ಎಂದದ್ದೇ ತಡ, ಟಿ.ವಿ. ಒಮ್ಮೆ ಮಿಟುಕಿ ಕಪ್ಪಾಯಿತು.

“ವ್ಯಾನ್ ಓಡಿದ್ರೆ ತಾನೇ ಅದು ಚಾರ್ಜ್ ಆಗೋದು? ಮಳೆಗಾಲ ಶುರುವಾದಾಗಿಂದ ನಿಂತಲ್ಲೇ ನಿಂತಿದೆ” ಎಂದು ನನ್ನ ಹೆಂಡತಿ ಹಂಸ ತಮ್ಮ ಪರ ವಾದಿಸಿದಳು. ನಾನು ಓಡಿಹೋಗಿ ಇಂಜಿನ್ ಚಾಲೂ ಮಾಡಿದೆ. ಟಿ.ವಿ. ಬೆಳಗಿತು, ಹಸಿರು ದುಪಟ್ಟಾದ ತೂಬಾ ಕಾಣಿಸಿದಳು. ಆದರೆ ನಮ್ಮ ಹಳೆಯ ಡೀಸೆಲ್ ಇಂಜಿನ್ನಿನ ಅಬ್ಬರದಲ್ಲಿ ಅವಳ ದನಿ ಒಂದಿಷ್ಟೂ ಕೇಳಿಸಲಿಲ್ಲ.

“ಏ ಮುನಿರಾಜಾ, ಅದನ್ನ ಬಂದ್ ಮಾಡಪ್ಪಾ, ಮಗು ಹಾಡ್ತಾ ಇದೆ” ಎಂದು ದಾದಿ ಕೂಗಿದರು. ಬಂದ್ ಮಾಡಿದೆ. ದನಿಯೂ ಇಲ್ಲ, ಮುಖವೂ ಇಲ್ಲ. ಮಾನ್ಯರೇ, ಆ ಕ್ಷಣ ನನಗೆ ತಮ್ಮ ಪಕ್ಕದಲ್ಲೇ, ಆ ಪೆಟ್ಟಿಗೆಯೊಳಗೆ ಅಡಗಿಕೊಳ್ಳಬೇಕೆನಿಸಿತು. ಆಮೇಲೆ ದಾದಿಯೇ ಮೆಲ್ಲಗೆ ಹೇಳಿದರು: “ಚಾಲೂ ಮಾಡು ಬೇಟಾ. ಮುಖಾನಾದ್ರೂ ನೋಡ್ತೀನಿ.”

ಮತ್ತೆ ಇಂಜಿನ್ ಗುಡುಗಿತು. ದಾದಿ ಟಿ.ವಿ.ಗೆ ಮುಖ ಹತ್ತಿರ ತಂದು, ಮೊಮ್ಮಗಳ ತುಟಿಗಳನ್ನೇ ನೋಡುತ್ತ, ಎಲ್ಲಿಗೆ ಬಂದಿದ್ದಾಳೆಂದು ಗುರುತು ಹಿಡಿದು, ಅಲ್ಲಿಂದ ತಾವೇ ಹಾಡತೊಡಗಿದರು. ಅವರಿಗೆ ಅಂಟಿಕೊಂಡು ಕೂತಿದ್ದ ಹಂಸಳಿಗೆ ಮಾತ್ರ ಅದು ಕೇಳಿಸಿತಂತೆ. ನಮಗೆ ಕಂಡದ್ದು ಎರಡು ಬಾಯಿಗಳು, ಒಂದು ಟಿ.ವಿ.ಯೊಳಗೆ, ಒಂದು ಹೊರಗೆ, ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚುತ್ತಿದ್ದವು. ಹಾಡು ಮುಗಿದಾಗ ದಾದಿ ಸೆರಗಿನಿಂದ ಟಿ.ವಿ.ಯ ಗಾಜನ್ನು ಒರೆಸಿದರು.

ತೂಬಾ ಗೆಲ್ಲಲಿಲ್ಲ, ಮೂರನೆಯವಳಾದಳು. ಸಿಗ್ನಲ್ ಬಂದೊಡನೆ ಅವಳ ಫೋನು ಬಂತು. ಸೋತದ್ದರ ಸುದ್ದಿಯನ್ನೇ ಎತ್ತದೆ, “ದಾದಿ, ನನ್ ಹಾಡು ಕೇಳಿಸ್ತಾ?” ಎಂದಳು. ದಾದಿ ನನ್ನತ್ತ ಒಮ್ಮೆ ನೋಡಿ, “ಪೂರಾ ಕೇಳಿಸ್ತು ಬೇಟಾ. ಮುನಿರಾಜನ ವ್ಯಾನಲ್ಲಿ ಎಷ್ಟು ಸಾಫಾಗಿ ಕೇಳುತ್ತೆ ಗೊತ್ತಾ!” ಎಂದರು.

ಹೀಗೆ ತಮ್ಮ ಮಾನವನ್ನೂ ನನ್ನ ಮಾನವನ್ನೂ ಒಂದೇ ಸುಳ್ಳಿನಲ್ಲಿ ಉಳಿಸಿದ ಆ ಹಿರಿಯರ ಮುಖ ನೋಡಿಯಾದರೂ, ಇನ್ನು ಮುಂದೆ ತಾವು ಜಾಹೀರಾತುಗಳ ಹೊತ್ತಿನಲ್ಲಿ ಮಾತ್ರ ವಿಶ್ರಮಿಸಬೇಕೆಂದೂ, ತೀರ್ಪುಗಾರರು ಅಳಲು ಆರಂಭಿಸಿದ ಕೂಡಲೇ ತಾವಾಗಿಯೇ ಕಣ್ಣುಮುಚ್ಚಿ, ಮಕ್ಕಳು ಹಾಡುವಾಗ ಎದ್ದು ಕೂರಬೇಕೆಂದೂ ವಿನಮ್ರವಾಗಿ ಕೋರುತ್ತೇನೆ.

ಇಷ್ಟಾದರೂ ತಮ್ಮನ್ನು ಕೆಳಗಿಳಿಸದಿರುವ,
ತಮ್ಮ ವಿಶ್ವಾಸಿ
ಮುನಿರಾಜ್

ವಿ.ಸೂ.: ಶಿವಾಜಿನಗರದ ಅಂಗಡಿಯೊಂದರಲ್ಲಿ ತಮಗಿಂತ ಅರ್ಧ ತೂಕದ, ಎರಡರಷ್ಟು ಹೊತ್ತು ದುಡಿಯುವ ಲಿಥಿಯಂ ಬ್ಯಾಟರಿಯೊಬ್ಬರು ಇದ್ದಾರಂತೆ. ನಾನು ನೋಡಲು ಹೋಗಿಲ್ಲ. ಆದರೆ ತಮ್ಮ ವಕೀಲೆ ಹಂಸ ನಿನ್ನೆ ಹೋಗಿ ಬಂದಿದ್ದಾಳೆ.